ಕಲ್ಯಾಣ: ಊರು, ಮದುವೆ, ಆದರ್ಶ

ಠಾಣೆಯ ನೌಪಾಡಾದಿಂದ ರೈಲುಮಾರ್ಗವಾಗಿ ಸುಮಾರು 20 ಕಿ.ಮೀ. ದೂರದಲ್ಲಿ ಕಲ್ಯಾಣವೆಂಬ ಊರಿದೆ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ಕೃತಿ ‘ಪೆರಿಪ್ಲಸ್’ ಉಲ್ಲೇಖಿಸುವ, ಕಾನ್ಹೇರಿ ಗುಹಾಶಾಸನಗಳ ಕೆಲವು ದಾನಿಗಳು ತಮ್ಮ ಊರೆಂದು ಹೇಳಿಕೊಳ್ಳುವ ಕೊಂಕಣದ ಬಂದರು ಇದು. ಕನ್ನಡ ಸಾಹಿತ್ಯದ ಕಲ್ಯಾಣ ಇದಲ್ಲ. ಅದು ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಹೊರನಾಡಿನ ಅಭ್ಯಾಸಿಗಳು ಈ ಎರಡನ್ನು ಬೇರ್ಪಡಿಸಿಕೊಂಡರೆ ಒಂದು ತೊಡಕು ನೀಗುತ್ತದೆ. ಆದರೆ ಇನ್ನೊಂದು ತೊಡಕು ಪದದ ಒಡಲಲ್ಲಿಯೇ ಇದೆ.

ಸಂಸ್ಕೃತದಲ್ಲಿ ‘ಕಲ್ಯಾಣ’ವೆಂದರೆ ಮಂಗಳ, ಶುಭ. ಕನ್ನಡದಲ್ಲಿ ಅದು ವಿವಾಹವೆಂಬ ಅರ್ಥದಲ್ಲಿಯೂ ರೂಢವಾಯಿತು. ಹರಿಹರನ ‘ಗಿರಿಜಾಕಲ್ಯಾಣ’ದ ಹೆಸರಿನಲ್ಲಿರುವುದು ಈ ಅರ್ಥವೇ. ಚಾಳುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು (1042-1068) ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡನು. ‘ವಿಕ್ರಮಾಂಕದೇವಚರಿತ’ದಲ್ಲಿ ಬಿಲ್ಹಣನು ವರ್ಣಿಸುವುದು ಈ ನಗರದ ವೈಭವವನ್ನೇ. ಇಲ್ಲಿಯವರೆಗೆ ಪದವು ವಾಚ್ಯಾರ್ಥದ ಎಲ್ಲೆಯನ್ನು ಮೀರಿಲ್ಲ.

ವಚನಗಳಲ್ಲಿ ಸ್ಥಿತಿ ಬೇರೆ. ಲೋಭವನ್ನು ಗೆಲ್ಲದವರಿಗೆ, ನಡೆ-ಮನಗಳು ನಿರ್ಮಲವಾಗದವರಿಗೆ ಕಲ್ಯಾಣದ ಪ್ರವೇಶವಿಲ್ಲವೆಂಬ ಭಾವ ಅಕ್ಕಮಹಾದೇವಿಯ ಹೆಸರಿನ ಒಂದು ವಚನದಲ್ಲಿದೆ. ರಾಜಧಾನಿಗೆ ವರ್ತಕರೂ ಸೈನಿಕರೂ ಬಂದುಹೋಗುವುದು ಸಹಜವಷ್ಟೆ. ಅಂಥ ಊರನ್ನು ದುರ್ಗಮವೆಂದಾಗ ಆಲಂಕಾರಿಕರು ಹೇಳುವ ಮುಖ್ಯಾರ್ಥಬಾಧೆ ಉಂಟಾಗಿ, ಪದವು ಲಕ್ಷ್ಯಾರ್ಥಕ್ಕೆ ಸಾಗುತ್ತದೆ. ಕಲ್ಯಾಣವು ಶರಣರ ಸಮುದಾಯವೂ ಸಾಧಕನ ಅಂತರಂಗದ ಒಂದು ನಿಲುವೂ ಆಗುತ್ತದೆ. ಲಕ್ಷಣೆಗೆ ಶಾಸ್ತ್ರಕಾರರು ಕೊಡುವ ಪ್ರಸಿದ್ಧ ನಿದರ್ಶನ ‘ಗಂಗೆಯಲ್ಲಿ ಹಟ್ಟಿ’. ಅಲ್ಲಿ ಪ್ರವಾಹವೆಂಬ ಅರ್ಥವನ್ನು ಕೈಬಿಟ್ಟು ದಡವೆಂಬ ಅರ್ಥವನ್ನು ಹಿಡಿಯಬೇಕು. ಇಲ್ಲಿ ಹಾಗಲ್ಲ; ಊರೆಂಬ ಅರ್ಥ ಅಳಿಯದೆ ಉಳಿದುಕೊಂಡೇ ಲಕ್ಷ್ಯಾರ್ಥಕ್ಕೆ ಆಧಾರವಾಗುತ್ತದೆ.

ಏಕೆಂದರೆ ಆ ಊರಿಗೆ ಒಂದು ನೋವಿನ ಇತಿಹಾಸವಿದೆ. 1160ರ ದಶಕದಲ್ಲಿ, ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ, ಹರಳಯ್ಯ ಮತ್ತು ಮಧುವರಸರ ಮಕ್ಕಳ ವರ್ಣಾಂತರ ವಿವಾಹವು ದಂಡನೆಗೂ ಶರಣರ ಚದುರುವಿಕೆಗೂ ಕಾರಣವಾಯಿತೆಂದು ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ನಡೆದ ಒಂದು ಕಲ್ಯಾಣದಿಂದ ಲೋಕಕಲ್ಯಾಣದ ಆಶಯವೇ ಪರೀಕ್ಷೆಗೆ ಒಳಗಾಯಿತು. ಮೂರು ಅರ್ಥಗಳೂ ಇಲ್ಲಿ ಒಂದೆಡೆ ಸೇರುತ್ತವೆ. ಆ ಕಾಲವನ್ನು ಕುರಿತ ಗಿರೀಶ ಕಾರ್ನಾಡರ ‘ತಲೆದಂಡ’ (1990) ನಾಟಕದಲ್ಲಿಯೂ ಕಲ್ಯಾಣವು ಕೇವಲ ಕಥೆಯ ಸ್ಥಳವಾಗಿ ಉಳಿದಿಲ್ಲ.

ಆದುದರಿಂದ ಅನ್ಯಭಾಷೆಗಳಿಗೆ ವಚನಗಳನ್ನು ಒಯ್ಯುವವರು ಎರಡು ಕಡೆ ಎಚ್ಚರ ವಹಿಸಬೇಕು. ‘ಕಲ್ಯಾಣ’ವನ್ನು ಬರಿಯ ಸ್ಥಳನಾಮವೆಂದು ಬಿಟ್ಟರೆ ಆದರ್ಶ ಕಾಣೆಯಾಗುತ್ತದೆ; ‘ಕ್ಷೇಮ’ ಎಂದು ಅನುವಾದಿಸಿದರೆ ಶರಣರು ಬಾಳಿ ನೊಂದ ಊರೇ ಅಳಿಸಿಹೋಗುತ್ತದೆ. ಸ್ಥಳನಾಮವನ್ನು ಉಳಿಸಿ, ಮುಖ್ಯಾರ್ಥಕ್ಕೆ ಎಲ್ಲಿ ಬಾಧೆಯುಂಟಾಗಿದೆ ಎಂಬುದನ್ನು ಟಿಪ್ಪಣಿಯಲ್ಲಿ ತೋರಿಸುವುದು ಲೇಸು. ಇತಿಹಾಸಕಾರರಿಗೂ ಈ ವಿವೇಕ ಬೇಕು. ಲಕ್ಷ್ಯಾರ್ಥದ ವಚನವು ಶರಣರ ಆಶಯಕ್ಕೆ ಸಾಕ್ಷಿಯಾದೀತೇ ಹೊರತು ನಗರರಚನೆಗೆ ಆಧಾರವಾಗದು.

ಈ ಪದದ ಪಯಣ ಇನ್ನೂ ಮುಗಿದಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂದಿತು. ಚಾಳುಕ್ಯರ ರಾಜಧಾನಿಯ ನೆನಪು, ಶರಣರ ಆದರ್ಶ, ಅಭಿವೃದ್ಧಿಯ ಭರವಸೆ ಇವೆಲ್ಲವೂ ಆ ಹೆಸರಿನಲ್ಲಿ ಒಟ್ಟಿಗೆ ಧ್ವನಿಸುತ್ತವೆ. ಮೊದಲೆರಡನ್ನು ಇತಿಹಾಸ ಮತ್ತು ಸಾಹಿತ್ಯಗಳು ಒದಗಿಸಿವೆ. ಮೂರನೆಯದನ್ನು ಆಡಳಿತ ನಿಜಮಾಡಬೇಕಾಗಿದೆ.