ಅಹಲ್ಯೋಪಾಖ್ಯಾನವೂ ಈಚಿನ ಕಥೆಗಾರರೂ

ಗೌತಮನ ಶಾಪದಿಂದ ಅಹಲ್ಯೆಯು ಶಿಲೆಯಾದಳೆಂದೂ ಶ್ರೀರಾಮನ ಪಾದಸ್ಪರ್ಶದಿಂದ ಪುನಃ ಸ್ತ್ರೀರೂಪವನ್ನು ಪಡೆದಳೆಂದೂ ಲೋಕದಲ್ಲಿ ಪ್ರಸಿದ್ಧವಾಗಿದೆಯಷ್ಟೆ. ವಾಲ್ಮೀಕಿಯ ಬಾಲಕಾಂಡದಲ್ಲಾದರೋ ಇವೆರಡೂ ಇಲ್ಲ. ಗಾಳಿಯೇ ಆಹಾರವಾಗಿ, ಬೂದಿಯಲ್ಲಿ ಮಲಗಿ, ಯಾವ ಪ್ರಾಣಿಯ ಕಣ್ಣಿಗೂ ಬೀಳದೆ ಆಶ್ರಮದಲ್ಲಿಯೇ ಇರತಕ್ಕುದೆಂಬುದು ಅಲ್ಲಿಯ ಶಾಪ. ಅದು ಮುಗಿದಾಗ ರಾಮಲಕ್ಷ್ಮಣರೇ ಆಕೆಯ ಪಾದಗಳನ್ನು ಹಿಡಿದು ವಂದಿಸುತ್ತಾರೆ. ಆಕೆ ಅವರಿಗೆ ಆತಿಥ್ಯವನ್ನು ನೀಡುತ್ತಾಳೆ. ಶಿಲಾರೂಪವೂ ಪಾದಧೂಳಿಯ ಮಹಿಮೆಯೂ ಕಾಳಿದಾಸನ ರಘುವಂಶದ 11ನೆಯ ಸರ್ಗದಲ್ಲಿ ಉಕ್ತವಾಗಿವೆ. ನಮಸ್ಕಾರದ ದಿಕ್ಕೇ ತಿರುಗಿತೆಂದರೆ ಅತಿಶಯೋಕ್ತಿಯಲ್ಲ.

ಇದಕ್ಕಿಂತ ತೊಡಕಾದುದು ಅಹಲ್ಯೆಯ ಅರಿವಿನ ಪ್ರಶ್ನೆ. ಮುನಿವೇಷದಿಂದ ಬಂದವನು ಇಂದ್ರನೆಂದು ತಿಳಿದೇ, ದೇವರಾಜನೆಂಬ ಕುತೂಹಲದಿಂದ ಆಕೆ ಸಮ್ಮತಿಸಿದಳೆಂದು ಬಾಲಕಾಂಡವು ಮರೆಮಾಚದೆ ಹೇಳುತ್ತದೆ. ಉತ್ತರಕಾಂಡದ ಪ್ರಚಲಿತ ಪಾಠದಲ್ಲಿ, ತಾನು ಅರಿಯದೆ ವಂಚಿತಳಾದೆನೆಂದು ಆಕೆಯೇ ಪತಿಯಲ್ಲಿ ಬಿನ್ನವಿಸುತ್ತಾಳೆ. ಅರಿತಿದ್ದರೆ ದೋಷಿ, ಅರಿಯದಿದ್ದರೆ ಅನುಕಂಪಾರ್ಹೆ. ಎರಡು ಪಕ್ಷದಲ್ಲಿಯೂ ನಿರ್ಣಯವು ಅನ್ಯರದೇ.

ತೆಲುಗಿನ ಲೇಖಕಿ ಓಲ್ಗಾ ಈ ನ್ಯಾಯಪೀಠವನ್ನೇ ಪ್ರಶ್ನಿಸಿದ್ದಾರೆ. 2015ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾದ ‘ವಿಮುಕ್ತ’ ಸಂಕಲನದ ‘ಮೃಣ್ಮಯನಾದಂ’ ಎಂಬ ಕಥೆಯಲ್ಲಿ ಅಹಲ್ಯೆಯು ಸೀತೆಯೊಡನೆ ಮಾತನಾಡುತ್ತಾಳೆ. ತಾನು ಅರಿತಿದ್ದಳೋ ಇಲ್ಲವೋ ಎಂಬುದನ್ನು ಆಕೆ ನಿರ್ಧರಿಸಿ ಹೇಳುವುದಿಲ್ಲ. ಅದನ್ನು ವಿಚಾರಿಸುವ ಅಧಿಕಾರವು ಯಾರದೆಂದು ಕೇಳುತ್ತಾಳೆ, ವಿಚಾರಣೆಗೆ ಒಳಪಡಬೇಡವೆಂದು ಸೀತೆಗೆ ಬುದ್ಧಿ ಹೇಳುತ್ತಾಳೆ. ಅಗ್ನಿಪರೀಕ್ಷೆಯ ಕಥೆಯನ್ನು ಬಲ್ಲ ಓದುಗನಿಗೆ ಈ ಮಾತಿನ ಭಾರವು ತಿಳಿಯದಿರದು. ಆದರೂ ಒಂದು ಮಾತು: ತಿಳಿದೂ ಸಮ್ಮತಿಸಿದ ವಾಲ್ಮೀಕಿಯ ಅಹಲ್ಯೆಯು, ಉತ್ತರವನ್ನು ತಡೆಹಿಡಿದ ಈ ಅಹಲ್ಯೆಗಿಂತ ದಿಟ್ಟೆಯಲ್ಲವೆ? ಆ ಇಚ್ಛೆಯನ್ನು ಎದುರಿಟ್ಟುಕೊಂಡು ಬರೆಯುವುದು ಇನ್ನೂ ಕಠಿನವಾದ ಕಾರ್ಯವಾಗುತ್ತಿತ್ತು.

ಸೀತೆ ಅಹಲ್ಯೆಯರನ್ನು ಎದುರುಬದುರು ನಿಲ್ಲಿಸುವ ಕಲ್ಪನೆಯು ಇದಕ್ಕೂ ಹಿಂದಿನದು. ತಮಿಳಿನ ಪುದುಮೈಪ್ಪಿತ್ತನ್ 1943ರಲ್ಲಿ ಪ್ರಕಟಿಸಿದ ‘ಶಾಪವಿಮೋಚನಂ’ ಕಥೆಯು ಶಾಪ ಕಳೆದ ಮೇಲಿನ ದಾಂಪತ್ಯವನ್ನು ವಸ್ತುವಾಗಿ ಉಳ್ಳುದು. ಲೇಖಕನು ಪುರುಷನಾದರೂ ಅವನ ನೋಟವು ಅಹಲ್ಯೆಯ ಮನಸ್ಸಿನಿಂದ ಕದಲುವುದಿಲ್ಲ. ವನವಾಸದಿಂದ ಮರಳಿದ ಸೀತೆಯು ಅಗ್ನಿಪ್ರವೇಶದ ವೃತ್ತಾಂತವನ್ನು ಹೇಳುತ್ತಾಳೆ. ಹಾಗೆ ಮಾಡೆಂದವನು ರಾಮನೇ ಎಂದು ತಿಳಿದ ಅಹಲ್ಯೆಯು ಮರಳಿ ಶಿಲೆಯಾಗುತ್ತಾಳೆ. ಇಂತಹ ಕಥೆಗಳು ಮೂಲಕ್ಕೆ ಅಪಚಾರವೆಂದು ಆಕ್ಷೇಪಿಸುವವರು, ಆ ಶಿಲೆಯೂ ಆದಿಕವಿಯದಲ್ಲವೆಂಬುದನ್ನು ಗಮನಿಸಬೇಕು. ಪುದುಮೈಪ್ಪಿತ್ತನ್ ಅದನ್ನು ಸಂಪ್ರದಾಯದಿಂದಲೇ ಪಡೆದನು; ಎರಡನೆಯ ಸಲ ಕಲ್ಲಾಗುವುದಕ್ಕೆ ಮಾತ್ರ ಯಾವ ಋಷಿಯ ಶಾಪವೂ ಬೇಕಾಗಲಿಲ್ಲ.