ಆನಂದರಾಯ ಕೌಂಡಿನ್ಯರ ಅಂಜಿಕೆ

ಮತಾಂತರದ ಚರಿತ್ರೆಗಳನ್ನು ಬರೆದವರಲ್ಲಿ ಬಹುಮಂದಿ ಎರಡು ಬಗೆಯ ಮನುಷ್ಯರನ್ನು ಮಾತ್ರ ಚಿತ್ರಿಸಿರುವರು. ಅಂಜಿಕೆಯೆಂಬುದನ್ನೇ ಅರಿಯದೆ ದೇವರ ಕರೆಗೆ ಓಗೊಟ್ಟ ಭಕ್ತರು ಒಂದು ಬಗೆ. ಹೊಟ್ಟೆಯ ಪಾಡಿಗಾಗಿ ಹಳೆಯ ನಂಬಿಕೆಯನ್ನು ಬಿಟ್ಟವರು ಇನ್ನೊಂದು ಬಗೆ. ಮೊದಲನೆಯ ಚಿತ್ರವು ಮಿಶನರಿಗಳಿಗೆ ಪ್ರಿಯವಾದುದು, ಎರಡನೆಯದು ಅವರ ವಿರೋಧಿಗಳಿಗೆ ಪ್ರಿಯವಾದುದು. ಆದರೆ ದೇವರ ಚಿತ್ತವು ಇಂತಹುದೆಂದು ತಿಳಿದ ಮೇಲೆಯೂ ಹೊಸ್ತಿಲಲ್ಲಿ ನಿಂತು ನಡುಗಿದವರೇ ಲೋಕದಲ್ಲಿ ಹೆಚ್ಚು. ಮೋಶೆಯು ತನ್ನ ನಾಲಗೆ ತೊದಲೆಂದು ನೆವ ಹೇಳಿದನು. ಯೋನನು ನಿನೆವೆಗೆ ಹೋಗೆಂದರೆ ತಾರ್ಷೀಷಿಗೆ ಹಡಗು ಹತ್ತಿದನು. ಕ್ರೈಸ್ತರ ಶಾಸ್ತ್ರಗ್ರಂಥವೇ ಈ ಅಳುಕನ್ನು ಮರೆಮಾಚಿಲ್ಲವಾದ ಮೇಲೆ ಚರಿತ್ರಕಾರರು ಮರೆಮಾಚಬೇಕಾದ ಕಾರಣವಿಲ್ಲ.

ಕನ್ನಡನಾಡಿಗೆ ಕ್ರೈಸ್ತಮತವು ಬಂದ ದಾರಿಗಳು ಹಲವು. ರಾಯಚೂರು ಸೀಮೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಅರಸರ ಕಾಲದಿಂದಲೇ ರೋಮನ್ ಕ್ಯಾಥೊಲಿಕರ ನೆಲೆಯೊಂದುಂಟು. ತುಂಗಭದ್ರೆಯ ತೆಂಕಣದ ಬಳ್ಳಾರಿಗೆ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲಸಿದನು; ಅವನೂ ಅವನ ಜೊತೆಯವರೂ ದುಡಿದು ಮುಗಿಸಿದ ಕನ್ನಡ ಬೈಬಲ್ಲು 1831ರ ಹೊತ್ತಿಗೆ ಆ ಊರಿನಲ್ಲಿಯೇ ಅಚ್ಚಾಯಿತು. ಮುದಗಲ್ಲಿನಂತಹ ಊರಿನಲ್ಲಿ ಒಂದು ಕೇರಿಯೇ ಕ್ರೈಸ್ತರದಾಗಿದ್ದುದರಿಂದ ಅಲ್ಲಿ ಹುಟ್ಟಿದವನಿಗೆ ನೆರೆಹೊರೆಯಿತ್ತು, ಹೆಣ್ಣು ಕೊಡುವವರಿದ್ದರು, ಸತ್ತರೆ ಹೆಗಲು ಕೊಡುವವರೂ ಇದ್ದರು. ಒಬ್ಬಂಟಿಯಾಗಿ ಮನೆಯಿಂದ ಹೊರಬೀಳುವವನ ಸಂಕಟವೇ ಬೇರೆ. ಅದನ್ನು ಕಾಣಬೇಕಾದರೆ ಘಟ್ಟವನ್ನಿಳಿದು ಮಂಗಳೂರಿಗೆ ಹೋಗಬೇಕು.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ನಿನವರಾದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷಗಳ ತರುವಾಯ ಬಂದ ಹರ್ಮನ್ ಮೊಗ್ಲಿಂಗನು ಇವರೆಲ್ಲರಿಗಿಂತ ಹೆಚ್ಚಿನ ವಿದ್ಯಾವಂತನು. 1843ನೆಯ ಇಸವಿಯ ಜುಲೈ 1ರಂದು ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದವನು ಈತನೇ ಎಂಬುದನ್ನು ವಾಚಕರು ಬಲ್ಲರು, ಮರುವರ್ಷ ಆ ಪತ್ರಿಕೆಯು ಅಚ್ಚುಮೊಳೆಗಳಿದ್ದ ಬಳ್ಳಾರಿಗೆ ಹೋಗಿ ಹೆಸರನ್ನು ಬದಲಿಸಿಕೊಂಡಿತು. ಮೊಗ್ಲಿಂಗನು ನಡೆಸುತ್ತಿದ್ದ ಇಂಗ್ಲಿಷ್ ಶಾಲೆಗೆ ಊರಿನ ಮೇಲು ಜಾತಿಯವರು ಮಕ್ಕಳನ್ನು ಕಳುಹಿಸುತ್ತಿದ್ದರು. ಅವರ ಉದ್ದೇಶವು ಸ್ಪಷ್ಟವಾದುದು: ಕಂಪೆನಿಯ ಸರ್ಕಾರದ ಕಚೇರಿಗಳಲ್ಲಿ ಇಂಗ್ಲಿಷ್ ಬಲ್ಲವರಿಗೆ ಉದ್ಯೋಗವಿತ್ತು. ಮಿಶನರಿಯ ಉದ್ದೇಶವೂ ಅಷ್ಟೇ ಸ್ಪಷ್ಟವಾದುದು. ಒಬ್ಬರ ಉದ್ದೇಶವನ್ನು ಇನ್ನೊಬ್ಬರು ಅರಿತಿದ್ದರೂ ಅರಿಯದವರಂತೆ ಹಲವು ವರ್ಷ ನಡೆದುಕೊಂಡರೆಂದೇ ಹೇಳಬೇಕು.

ಆ ಶಾಲೆಯ ವಿದ್ಯಾರ್ಥಿಗಳಲ್ಲಿ ಒಬ್ಬನು ಆನಂದರಾಯ ಕೌಂಡಿನ್ಯ. ಅವನು 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಅನುಕೂಲಸ್ಥ ಮನೆತನವೊಂದರಲ್ಲಿ ಹುಟ್ಟಿದವನು, ಬಾಲ್ಯದಲ್ಲಿಯೇ ಮದುವೆಯಾಗಿತ್ತು. ಶಾಲೆಯಲ್ಲಿ ಓದಿದ ಬೈಬಲ್ಲು ಮನಸ್ಸಿಗೆ ಹಿಡಿಯಿತು. ಹಿಡಿದರೇನಾಯಿತು? ಮನಸ್ಸಿನಲ್ಲಿ ಒಪ್ಪಿಕೊಂಡು ಮನೆಯಲ್ಲಿ ಮೊದಲಿನಂತೆಯೇ ಇರುವವರನ್ನು ಯಾರೂ ತಡೆಯುತ್ತಿರಲಿಲ್ಲ. ಬಾಸೆಲಿನವರು ಮಾತ್ರ ಇದನ್ನು ಒಪ್ಪುವವರಲ್ಲ. ನಂಬಿದವನು ಬಹಿರಂಗವಾಗಿ ಸ್ನಾನದೀಕ್ಷೆಯನ್ನು ಪಡೆಯಬೇಕು, ಜಾತಿಯನ್ನು ಬಿಡಬೇಕು, ಎಲ್ಲರೊಡನೆ ಕುಳಿತು ಉಣ್ಣಬೇಕೆಂಬುದು ಅವರ ಕಟ್ಟಳೆ. ದೇವರ ಚಿತ್ತಕ್ಕೂ ಈ ತರುಣನಿಗೂ ನಡುವೆ ನಿಂತ ಗೋಡೆಯು ಇದೇ.

ಈ ಗೋಡೆಯ ಎತ್ತರವನ್ನು ಇಂದಿನವರು ಕಣ್ಣಳತೆಯಿಂದ ತಿಳಿಯಲಾರರು. ಜಾತಿ ಬಿಟ್ಟವನಿಗೆ ಹಿಂದೂ ಧರ್ಮಶಾಸ್ತ್ರದ ಮೇರೆಗೆ ಪಿತ್ರಾರ್ಜಿತದಲ್ಲಿ ಹಕ್ಕಿಲ್ಲ; ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗದೆಂಬ ಕಾನೂನು ಬಂದುದು 1850ರಲ್ಲಿ. ಇದಾದರೂ ಹಣಕಾಸಿನ ಮಾತು. ಹಣವಿಲ್ಲದೆ ಬದುಕಬಲ್ಲೆನೆಂಬ ಧೈರ್ಯವು ಹದಿನೆಂಟರ ವಯಸ್ಸಿನಲ್ಲಿ ಸುಲಭವಾಗಿಯೇ ಬರುವುದು. ತಂದೆಗೆ ನೀರು ಬಿಡುವ ಕೈ ಇಲ್ಲದಂತಾಗುವುದೆಂಬ ಅಳುಕು ಅಂತಹುದಲ್ಲ. ಮಗನಾದವನು ಜಾತಿ ಕೆಟ್ಟರೆ ಅವನು ಬದುಕಿರುವಾಗಲೇ ಅವನ ಹೆಸರಿನಲ್ಲಿ ಘಟಸ್ಫೋಟ ಮಾಡಿ ಸತ್ತವನೆಂದು ಎಣಿಸುವ ಪದ್ಧತಿಯಿತ್ತು. ಉಳಿದ ತಾಯಿತಂದೆಗಳು ಇದ್ದ ಮಗನನ್ನು ಕಳೆದುಕೊಂಡು ಪರಲೋಕದ ದಾರಿಯನ್ನೂ ಕಳೆದುಕೊಂಡೆವೆಂದು ಗೋಳಾಡಬೇಕು. ಅಂದರೆ ದೀಕ್ಷೆಗೆ ಹೋಗುವವನು ತನ್ನ ಪ್ರಾಣವನ್ನು ಒಡ್ಡುವುದಕ್ಕಿಂತ ಹೆಚ್ಚಾಗಿ ತನ್ನವರ ಸದ್ಗತಿಯನ್ನು ಅವರ ನಂಬಿಕೆಯ ಲೆಕ್ಕದಲ್ಲಿ ಒಡ್ಡಬೇಕಾಗಿತ್ತು. ಹೇಡಿತನವೆಂದು ಇದನ್ನು ಜರೆಯುವವನು ಮನೆಯೆಂಬುದರ ಅರ್ಥವನ್ನು ತಿಳಿಯದವನೇ ಸರಿ.

ಆನಂದರಾಯನು ಒಬ್ಬನೇ ಈ ಗೋಡೆಯನ್ನು ದಾಟಲಿಲ್ಲ. ಅವನ ಜೊತೆಗೆ ಮುಕುಂದರಾಯ, ಭಗವಂತರಾಯ ಎಂಬ ಇನ್ನಿಬ್ಬರು ಸಾರಸ್ವತ ತರುಣರಿದ್ದರು. 1844ನೆಯ ಇಸವಿಯ ಜನವರಿ 6ರಂದು ಮೂವರಿಗೂ ಮಂಗಳೂರಿನಲ್ಲಿ ದೀಕ್ಷೆಯಾಯಿತು; ಆನಂದರಾಯನು ತನ್ನ ಗುರುವಿನ ಹೆಸರನ್ನು ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದನು. ಊರು ಕೆರಳಿತು. ಮೊಗ್ಲಿಂಗನ ಶಾಲೆಯಿಂದ ಹುಡುಗರು ಗುಂಪುಗುಂಪಾಗಿ ಹೊರಟುಹೋದರು. ಮಕ್ಕಳನ್ನು ಬಿಡಿಸಿಕೊಂಡ ತಂದೆಗಳನ್ನು ಧರ್ಮಾಂಧರೆಂದು ಕರೆಯುವುದು ನ್ಯಾಯವಲ್ಲ. ಭಾಷೆಯನ್ನು ಕಲಿಯಲೆಂದು ಕಳುಹಿಸಿದ ಮಗನು ಮನೆಗೇ ಬಾರದೆ ಹೋದುದನ್ನು ಕಂಡವರು ಇನ್ನೇನು ಮಾಡಬೇಕಾಗಿತ್ತು?

ಬಾಲ್ಯದಲ್ಲಿ ಕೈಹಿಡಿದ ಹೆಂಡತಿಯು ಅವನ ಹಿಂದೆ ಬರಲಿಲ್ಲ. ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುವರು. ಆದರೆ ಗಂಡನು ತನ್ನ ಅಂಜಿಕೆಯನ್ನು ಗೆದ್ದ ದಿನದಿಂದ ಆ ಹುಡುಗಿಯ ಪಾಡು ಮೊದಲಾಯಿತು. ಗಂಡನಿದ್ದೂ ಗಂಡನಿಲ್ಲದವಳ ಸ್ಥಿತಿಯು ಅಂದಿನ ಸಾರಸ್ವತ ಮನೆಯಲ್ಲಿ ಹೇಗಿದ್ದಿರಬೇಕೆಂಬುದನ್ನು ವಿವರಿಸಬೇಕಾಗಿಲ್ಲ. ಇಂತಹ ದಂಪತಿಗಳ ಬಂಧವನ್ನು ಕಾನೂನಿನ ಮೂಲಕ ಬಿಡಿಸುವ ಶಾಸನವು ಹೊರಟುದು 1866ರಲ್ಲಿ. ಅಲ್ಲಿಯವರೆಗೆ ಸಭೆಯವರೂ ಸರ್ಕಾರದವರೂ ಕೈಚೆಲ್ಲಿ ಕುಳಿತಿದ್ದರು. ಒಬ್ಬನ ವಿಧೇಯತೆಯ ಬೆಲೆಯನ್ನು ಇನ್ನೊಬ್ಬರು ತೆರುವುದುಂಟು. ಆಕೆಯನ್ನು ಯಾರೂ ಕರೆದು ಕೇಳಿರಲಿಲ್ಲ.

ಸ್ನಾನದೀಕ್ಷೆಯೊಡನೆ ಭಯವು ಮುಗಿಯಿತೆಂದು ತಿಳಿದರೆ ಕಥೆಯ ಅರ್ಧವನ್ನು ಕೈಬಿಟ್ಟಂತಾಗುವುದು. 1846ರಲ್ಲಿ ಮೊಗ್ಲಿಂಗನು ಆನಂದರಾಯನನ್ನು ಯೂರೋಪಿಗೆ ಕರೆದುಕೊಂಡು ಹೋದನು. ಬಾಸೆಲಿನ ವೈದಿಕ ವಿದ್ಯಾಲಯದಲ್ಲಿ ಐದು ವರ್ಷಗಳ ವಿದ್ಯಾಭ್ಯಾಸವಾಯಿತು. ಸಮುದ್ರವನ್ನು ದಾಟಿದರೆ ಜಾತಿ ಹೋಗುವುದೆಂಬ ಕಾಲದಲ್ಲಿ, ಜಾತಿ ಮೊದಲೇ ಹೋಗಿದ್ದವನಿಗೆ ಆ ಚಿಂತೆಯಿರಲಿಲ್ಲವೆಂದು ವಿನೋದವಾಗಿ ಹೇಳಬಹುದು. ತನ್ನ ಜೀವನವೃತ್ತಾಂತವನ್ನು ಆತನು ಜರ್ಮನ್ ಭಾಷೆಯ ಓದುಗರಿಗೆ ತಾನೇ ಹೇಳಿದನು. ಅದು ಅಲ್ಲಿ ಪುಸ್ತಕವಾಗಿ ಅಚ್ಚಾಯಿತು. 1851ರಲ್ಲಿ ವುರ್ಟೆಂಬರ್ಗ್ ಸೀಮೆಯ ಲೇಯೊನ್‌ಬರ್ಗಿನಲ್ಲಿ ಗುರುದೀಕ್ಷೆಯನ್ನು ಪಡೆದು ಬಾಸೆಲ್ ಮಿಶನ್ನಿನ ಮೊದಲನೆಯ ಭಾರತೀಯ ಪಾದ್ರಿಯಾಗಿ ಮಂಗಳೂರಿಗೆ ಮರಳಿದನು. ಊರವರ ಕಣ್ಣಿಗೆ ಈತನು ಸತ್ತ ಮಗನು. ಯೂರೋಪಿಯನ್ನರ ನಡುವೆ ಕಂದು ಬಣ್ಣದವನು. ಹಿಂದುಳಿದ ಜಾತಿಗಳಿಂದ ಸಭೆಗೆ ಬಂದಿದ್ದ ದೇಶೀಯರ ನಡುವೆ ಬ್ರಾಹ್ಮಣ. ಮೂರು ಕಡೆಗೂ ಸೇರದವನು ಮೂರು ಕಡೆಗೂ ಬೋಧಿಸಬೇಕಾಯಿತು.

ಆ ಸಭೆಯಾದರೂ ಎಂತಹುದು? ಜಾತಿ ಬಿಟ್ಟವರಿಗೆ ಕಸುಬೂ ಹೋಗುತ್ತಿತ್ತು. ಕಳ್ಳಿಳಿಸುವುದನ್ನು ಬಿಟ್ಟವನಿಗೂ ಗೇಣಿಯ ಗದ್ದೆಯನ್ನು ಕಳೆದುಕೊಂಡವನಿಗೂ ಮಿಶನ್ನೇ ದಾರಿ ತೋರಿಸಬೇಕಾಯಿತು. ಮಂಗಳೂರಿನ ಅಚ್ಚುಕೂಟ, ನೇಯ್ಗೆಯ ಶಾಲೆ, ಕಡೆಗೆ 1865ರಲ್ಲಿ ಪ್ಲೆಬ್‌ಸ್ಟನು ಜೆಪ್ಪುವಿನಲ್ಲಿ ಹೂಡಿದ ಹೆಂಚಿನ ಕಾರ್ಖಾನೆ, ಇವೆಲ್ಲ ಬೆಳೆದುದು ಬಹುಮಟ್ಟಿಗೆ ಈ ಕಾರಣದಿಂದ. ಊರೂರುಗಳ ಮಾಡುಗಳ ಮೇಲೆ ಕೆಂಪಗೆ ಕಾಣುವ ಮಂಗಳೂರು ಹೆಂಚಿನ ಬುಡದಲ್ಲಿ ಹೊಟ್ಟೆಗೇನು ಗತಿಯೆಂಬ ಹಲವರ ಅಂಜಿಕೆಯೂ ಉಂಟು.

ಆನಂದರಾಯರಿಗೆ ಕಠಿನವಾದ ಪರೀಕ್ಷೆಯು ಒದಗಿದುದು ಕೊಡಗಿನಲ್ಲಿ. 1853ರಲ್ಲಿ ಅಳಮಂಡ ಮನೆತನದ ಸೋಮಯ್ಯನೆಂಬ ಕೊಡವನು, ಸಂನ್ಯಾಸಿಯಾಗಿ ಅಲೆಯುತ್ತಿದ್ದವನು, ಮಂಗಳೂರಿನಲ್ಲಿ ದೀಕ್ಷೆ ಪಡೆದು ತನ್ನ ನಾಡಿಗೆ ಮರಳಿದನು. ಅವನ ಜೊತೆಗೆ ಘಟ್ಟವನ್ನೇರಿದ ಮೊಗ್ಲಿಂಗನು ಅಲ್ಲಿಯೇ ನಿಂತನು. ಬಾಸೆಲಿನ ಆಡಳಿತ ಮಂಡಲಿಗೆ ಇದು ಹಿಡಿಸಲಿಲ್ಲ. ಕೊಡಗಿನ ಕಾರ್ಯವನ್ನು ಅವರು ಕೈಗೆತ್ತಿಕೊಳ್ಳಲು ನಾಲ್ಕೈದು ವರ್ಷ ಹಿಡಿಯಿತು. ಕಂಪೆನಿಯವರು 1834ರಲ್ಲಿ ರಾಜ್ಯವನ್ನು ಕಸಿದುಕೊಂಡಿದ್ದ ಆ ನಾಡಿನಲ್ಲಿ ಏನಾದರೂ ಗಲಭೆಯಾದೀತೇ, ಹಣವೆಲ್ಲಿಂದ ಬಂದೀತು ಎಂದು ಲೆಕ್ಕ ಹಾಕುವ ಹಿರಿಯರ ಅಳುಕೂ ಅಳುಕೇ. ಅದಕ್ಕೆ ವಿವೇಕವೆಂಬ ಗೌರವದ ಹೆಸರು ಇರುವುದು, ಅಷ್ಟೇ ಭೇದ.

ಮೊಗ್ಲಿಂಗನು ಕೊಡವರನ್ನು ಅರಸಿಕೊಂಡು ಹೋದನು. ಅವನ ಬಳಿಗೆ ಬಂದವರು ಕೊಡವರ ಗದ್ದೆಗಳಲ್ಲಿ ದುಡಿಯುತ್ತಿದ್ದವರು, ಅಂದು ಹೊಲೆಯರೆಂದು ಕರೆಯಲ್ಪಡುತ್ತಿದ್ದ ಜನ. ಇವರಲ್ಲಿ ಕೆಲವರು ಜಮ್ಮಾ ಭೂಮಿಗೆ ಅಂಟಿಕೊಂಡವರು, ಭೂಮಿಯೊಡನೆಯೇ ಕೈಬದಲಾಗುವವರು. ಇನ್ನು ಕೆಲವರು ಒಕ್ಕಲಿನ ಸ್ವತ್ತು, ಬೇಕಾದವರಿಗೆ ಮಾರಲ್ಪಡತಕ್ಕವರು. ಆಳನ್ನು ಸ್ವತ್ತೆಂದು ನ್ಯಾಯಸ್ಥಾನಗಳು ಎಣಿಸಕೂಡದೆಂದು 1843ರ ಕಾಯಿದೆಯು ಹೇಳಿದ್ದರೂ, ಕಾಯಿದೆಯು ಗದ್ದೆಯ ಬದುವನ್ನು ದಾಟಿ ಬರಲು ಬಹುಕಾಲ ಬೇಕಾಯಿತು. ಒಡೆಯನ ಕೊಟ್ಟಿಗೆಯನ್ನು ಬಿಟ್ಟು ಬೆಳಕು ಹರಿಯುವ ಮೊದಲೇ ಹೊರಟ ಇಂತಹವನ ಭಯದ ಮುಂದೆ ಮಂಗಳೂರಿನ ತರುಣರ ಭಯವೂ ಸಣ್ಣದೇ. ಅವನ ಬೆನ್ನ ಹಿಂದೆ ಆಸ್ತಿಯಿಲ್ಲ, ಮುಂದೆ ಬಾಸೆಲಿಲ್ಲ. ಅಂದಿನ ಗಂಜಿಗೆ ಗತಿಯಿಲ್ಲ.

ಹೀಗೆ ಬಂದವರಿಗೆ ನಿಲ್ಲಲು ನೆಲ ಬೇಕಾಯಿತು. ಆಗ ಆನಂದರಾಯರು ತಮ್ಮ ಪಾಲಿನ ಹಣವನ್ನು ತೆಗೆದಿಟ್ಟರು. ಸಿದ್ದಾಪುರದ ಸಮೀಪದಲ್ಲಿ ಕಾಡು ಕಡಿದು ಕಾಫಿಯ ತೋಟವನ್ನು ಹಾಕಲಾಯಿತು. ತೋಟದ ಸುತ್ತ ಹೊಸ ಊರು ಎದ್ದಿತು. ಅದಕ್ಕೆ ಆನಂದಪುರವೆಂದು ಹೆಸರಾಯಿತು. ಹೆಸರಿನಲ್ಲಿ ಹರ್ಷವೂ ಉಂಟು, ದಾನಿಯ ನೆನಪೂ ಉಂಟು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವನ ಸಂಪತ್ತು, ಊರ ಬಾವಿಯ ನೀರನ್ನು ಮುಟ್ಟಲಾರದವರ ಮನೆಗಳಿಗೆ ಅಡಿಗಲ್ಲಾದುದು ಕನ್ನಡನಾಡಿನ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟುದಕ್ಕಾಗಿ ತಂದೆಗಳಿಬ್ಬರೂ ಕಣ್ಣನ್ನೂ ಪ್ರಾಣವನ್ನೂ ತೆತ್ತರೆಂದು ಶರಣರ ಪರಂಪರೆಯು ಹೇಳುತ್ತದೆ. ಆ ಗೆರೆಯು ಏಳುನೂರು ವರ್ಷಗಳಲ್ಲಿ ಅಷ್ಟೇನೂ ಮಾಸಿರಲಿಲ್ಲ.

ಹಣವನ್ನು ಕೊಡುವುದು ಒಂದು, ನಡುವೆ ಹೋಗಿ ಬಾಳುವುದು ಇನ್ನೊಂದು. ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಉಪದೇಶಿಗಳಿಗೆ ಪಾಠ ಹೇಳಿಕೊಂಡಿರುವುದು ಆನಂದರಾಯರಂತಹ ಪಂಡಿತರಿಗೆ ಒಪ್ಪುವ ಕೆಲಸ. ಆದರೂ ಆನಂದಪುರದ ಹೊಣೆಯು ಅವರನ್ನು ಘಟ್ಟದ ಮೇಲಕ್ಕೆ ಎಳೆಯಿತು. ಮೊಗ್ಲಿಂಗನು ಪತ್ನಿಯ ಅನಾರೋಗ್ಯದ ನಿಮಿತ್ತ 1860ರಲ್ಲಿ ಸ್ವದೇಶಕ್ಕೆ ಮರಳಿದನು. ಹದಿನಾರು ವರ್ಷ ಒಬ್ಬರ ಭುಜಕ್ಕೊಬ್ಬರು ಭುಜ ಕೊಟ್ಟಿದ್ದ ಗುರುಶಿಷ್ಯರು ಅಲ್ಲಿಗೆ ಅಗಲಿದರು. ಅದೇ ವರ್ಷ ಜರ್ಮನಿಯಿಂದ ಬಂದ ಮರೀ ರೈನ್‌ಹಾರ್ಟ್ ಎಂಬ ಕನ್ಯೆಯನ್ನು ಆನಂದರಾಯರು ವರಿಸಿದರು. ಬಿಳಿಯ ಹೆಣ್ಣು ಕರಿಯ ಪಾದ್ರಿಯನ್ನು ವರಿಸುವುದು 1857ರ ದಂಗೆಯಾಗಿ ಮೂರೇ ವರ್ಷಗಳಾಗಿದ್ದ ಆ ದಿನಗಳಲ್ಲಿ ಎಷ್ಟು ಧೈರ್ಯದ ಕಾರ್ಯವೆಂಬುದನ್ನು ಹೇಳಬೇಕಾಗಿಲ್ಲ. ಈ ಧೈರ್ಯದಲ್ಲಿ ಹೆಚ್ಚಿನ ಪಾಲು ಹಡಗು ಹತ್ತಿ ಬಂದ ಆ ಹೆಂಗಸಿಗೆ ಸಲ್ಲತಕ್ಕುದು.

1860ರ ದಶಕದ ನಡುವಿನಲ್ಲಿ ಬಿಳಿಯ ಕಾಂಡಕೊರಕ ಹುಳುವು ಕೊಡಗಿನ ಕಾಫಿಗೆ ಬಿದ್ದು ತೋಟಗಳೇ ಒಣಗಿದುವು. ಕಾಫಿಯನ್ನು ನಂಬಿ ಹೊಸ ಊರನ್ನು ಕಟ್ಟಿದವರಿಗೆ ಅವು ಸುಖದ ದಿನಗಳಲ್ಲ. ಕೊಡವರು ಸಭೆಗೆ ಬರುವರೆಂಬ ಮೊಗ್ಲಿಂಗನ ಮೊದಲಿನ ಆಸೆಯೂ ಕೈಗೂಡಲಿಲ್ಲ. ಸೋಮಯ್ಯನ ಹಿಂದೆ ನಡೆದು ಬಂದ ಮನೆತನಗಳು ಕೆಲವೇ. ಲೆಕ್ಕದ ಪುಸ್ತಕವನ್ನು ತೆರೆದಿಟ್ಟು ನೋಡುವವರಿಗೆ ಬಾಸೆಲಿನ ಹಿರಿಯರು ಹಿಂದೆಗೆದುದೇ ಸರಿಯೆಂದು ತೋರಬಹುದು.

ಹರ್ಮನ್ ಆನಂದರಾವ್ ಕೌಂಡಿನ್ಯರು 1893ನೆಯ ಇಸವಿಯ ಫೆಬ್ರುವರಿ 1ರಂದು ಮಂಗಳೂರಿನಲ್ಲಿ ತೀರಿಕೊಂಡರು. ದೀಕ್ಷೆಯಾಗಿ ನಲವತ್ತೊಂಬತ್ತು ವರ್ಷಗಳಾಗಿದ್ದುವು. ಮೊಗ್ಲಿಂಗನು ಅವರಿಗಿಂತ ಹನ್ನೆರಡು ವರ್ಷ ಮೊದಲೇ, 1881ರಲ್ಲಿ, ಜರ್ಮನಿಯಲ್ಲಿ ಕಾಲವಾಗಿದ್ದನು. ಒಡೆಯರ ಕೊಟ್ಟಿಗೆಗಳಿಂದ ಓಡಿಬಂದವರಿಗಾಗಿ ಎದ್ದ ಊರು ಸಿದ್ದಾಪುರದ ಕಡೆಯ ಕಾಫಿಯ ನೆರಳಿನಲ್ಲಿ ಆನಂದಪುರವೆಂಬ ಹೆಸರನ್ನೇ ಹೊತ್ತುಕೊಂಡಿದೆ.