ಟ್ಯೂಬಾ ವಾದ್ಯದ ರಚನೆ: ಕವಾಟಗಳ ಲೆಕ್ಕವೂ ನಾಲ್ಕು ನಾಡುಗಳ ಪರಿಹಾರವೂ

ಪಾಶ್ಚಾತ್ಯ ವಾದ್ಯವೃಂದದ ಹಿತ್ತಾಳೆ ವಾದ್ಯಗಳ ಪೈಕಿ ತಳದ ಸ್ವರಗಳ ಹೊಣೆ ಹೊತ್ತಿರುವ ಟ್ಯೂಬಾ ಆ ಬಳಗದ ಖಾಯಂ ಸದಸ್ಯರಲ್ಲೆಲ್ಲ ಕಿರಿಯದು. ಟ್ರಂಪೆಟ್, ಹಾರ್ನ್, ಟ್ರಂಬೋನ್‌ಗಳ ವಂಶಾವಳಿಯನ್ನು ಹಲವು ಶತಮಾನಗಳಷ್ಟು ಹಿಂದಕ್ಕೆ ಒಯ್ಯಬಹುದಾದರೆ, ಟ್ಯೂಬಾಕ್ಕೆ ದಾಖಲೆಯಲ್ಲಿ ನಮೂದಾದ ಜನ್ಮದಿನವೇ ಇದೆ. 1835ರ ಸೆಪ್ಟೆಂಬರ್ 12ರಂದು ಬರ್ಲಿನ್ನಿನಲ್ಲಿ ವಿಲ್‌ಹೆಲ್ಮ್ ವೀಪ್ರೆಕ್ಟ್ ಮತ್ತು ಯೋಹಾನ್ ಗಾಟ್‌ಫ್ರೀಡ್ ಮೋರಿಟ್ಸ್ ಎಂಬಿಬ್ಬರು ಪ್ರಷ್ಯಾ ಸರ್ಕಾರದಿಂದ ಇದರ ಪೇಟೆಂಟ್ ಪಡೆದರು. ಹುಟ್ಟು ಇಷ್ಟು ಖಚಿತವಾಗಿದ್ದರೂ ರೂಪ ಮಾತ್ರ ಈವರೆಗೆ ಖಚಿತವಾಗಿಲ್ಲ. ಸ್ವರಲಿಪಿಯ ಹಾಳೆಯಲ್ಲಿ ‘ಟ್ಯೂಬಾ’ ಎಂದು ಬರೆದಿದ್ದರೆ ಅದು ಬರ್ಲಿನ್ನಿನಲ್ಲಿ ಒಂದು ಉದ್ದದ ಕೊಳವೆಯನ್ನೂ ಪ್ಯಾರಿಸ್ಸಿನಲ್ಲಿ ಅದಕ್ಕಿಂತ ಬಹಳ ಗಿಡ್ಡದಾದ ಮತ್ತೊಂದನ್ನೂ ಶಿಕಾಗೋದಲ್ಲಿ ಎರಡಕ್ಕೂ ಹಿರಿದಾದ ಇನ್ನೊಂದನ್ನೂ ಸೂಚಿಸುತ್ತ ಬಂದಿದೆ. ಈ ವೈವಿಧ್ಯಕ್ಕೆ ನಾಡುನಾಡಿನ ಅಭಿರುಚಿಯನ್ನು ಕಾರಣವೆನ್ನುವುದು ವಾಡಿಕೆ. ಆದರೆ ವಾದ್ಯದ ರಚನೆಯನ್ನು ಒಳಹೊಕ್ಕು ನೋಡಿದರೆ, ಕವಾಟಗಳ ಜೋಡಣೆಯಲ್ಲಿ ಅಡಗಿರುವ ಒಂದು ಗಣಿತದ ಕೊರತೆಯೇ ಮೂಲ ಕಾರಣವೆಂದೂ, ಆಯಾ ನಾಡಿನ ಟ್ಯೂಬಾ ಎಂದರೆ ಆ ಕೊರತೆಗೆ ಅಲ್ಲಿನ ಕುಶಲಕರ್ಮಿಗಳು ಕಂಡುಕೊಂಡ ಉತ್ತರವೆಂದೂ ತಿಳಿದುಬರುತ್ತದೆ.

ಟ್ಯೂಬಾಕ್ಕೆ ಮುಂಚೆ ಮಂದ್ರದ ಕೆಲಸವನ್ನು ನಿರ್ವಹಿಸುತ್ತಿದ್ದವು ಸರ್ಪೆಂಟ್ ಮತ್ತು ಆಫಿಕ್ಲೈಡ್ ಎಂಬ ಎರಡು ವಾದ್ಯಗಳು. ಸರ್ಪೆಂಟ್ ಎಂಬುದು ಹಾವಿನಂತೆ ಬಳುಕಿಸಿದ, ಸುಮಾರು 2.4 ಮೀಟರ್ ಉದ್ದದ ಮರದ ಕೊಳವೆ. ಅದರ ಮೇಲೆ ತೊಗಲು ಹೊದಿಸಿ, ಬೆರಳಿನಿಂದ ಮುಚ್ಚುವ ಆರು ರಂಧ್ರಗಳನ್ನು ಕೊರೆಯಲಾಗುತ್ತಿತ್ತು. ಫ್ರಾನ್ಸಿನ ಓಸೇರ್ ಪಟ್ಟಣದ ಎಡ್ಮ್ ಗಿಯೋಮ್ ಎಂಬ ಪಾದ್ರಿ 1590ರ ಸುಮಾರಿಗೆ ಇದನ್ನು ರೂಪಿಸಿದನೆಂಬ ಹೇಳಿಕೆ ಪರಂಪರೆಯಿಂದ ಬಂದಿದೆ. ಚರ್ಚಿನ ಗಾಯಕವೃಂದಕ್ಕೆ ಆಸರೆಯಾಗಿದ್ದ ಈ ವಾದ್ಯದಲ್ಲಿ ರಂಧ್ರಗಳ ಜಾಗವನ್ನು ನಿರ್ಧರಿಸಿದ್ದು ನಾದಶಾಸ್ತ್ರವಲ್ಲ, ಮನುಷ್ಯನ ಬೆರಳುಗಳು ಎಷ್ಟು ದೂರ ಚಾಚಬಲ್ಲವು ಎಂಬ ಮಿತಿ. ಹೀಗಾಗಿ ಅದರ ಶ್ರುತಿಯನ್ನು ವಾದಕನೇ ತುಟಿಯಿಂದ ತಿದ್ದಿಕೊಳ್ಳಬೇಕಾಗಿತ್ತು. ಪ್ಯಾರಿಸ್ಸಿನಲ್ಲಿ ಅಲಾರಿ ಎಂಬ ವ್ಯಾಪಾರನಾಮದಿಂದ ಹೆಸರಾದ ಜಾನ್ ಇಲೇರ್ ಆಸ್ತೆ 1817ರಲ್ಲಿ ರೂಪಿಸಿ 1821ರಲ್ಲಿ ಪೇಟೆಂಟ್ ಪಡೆದ ಆಫಿಕ್ಲೈಡ್ ಈ ತೊಡಕನ್ನು ಬಗೆಹರಿಸಿತು. ಹಿತ್ತಾಳೆಯ ಶಂಕುವಿನಾಕಾರದ ಕೊಳವೆಗೆ ಬೇಕಾದ ಕಡೆ ಬೇಕಾದ ಅಗಲದ ರಂಧ್ರಗಳನ್ನು ಕೊರೆದು, ಬೆರಳಿಗೆ ನಿಲುಕದ ರಂಧ್ರಗಳನ್ನು ಸನ್ನೆಗೋಲಿನಂಥ ಕೀಲಿಗಳ ಮೂಲಕ ತೆರೆದು ಮುಚ್ಚುವ ವ್ಯವಸ್ಥೆ ಅದರಲ್ಲಿತ್ತು. ಬೆರ್ಲಿಯೋಜ್‌ನ ‘ಸಿಂಫನಿ ಫೆಂಟಾಸ್ಟಿಕ್’ 1830ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಪ್ರಸ್ತುತಗೊಂಡಾಗ ತಳದಲ್ಲಿ ಇದ್ದವು ಈ ಎರಡೇ ವಾದ್ಯಗಳು. ಆಫಿಕ್ಲೈಡನ್ನು ಒರಟು ವಾದ್ಯವೆಂದು ತಳ್ಳಿಹಾಕುವ ಬರಹಗಳು ಬಹಳ ಇವೆ; ಅವು ಅಷ್ಟೇನೂ ನ್ಯಾಯವಾದುವಲ್ಲ. ಅದರ ಕೊರತೆ ಬೇರೆಯದು: ರಂಧ್ರ ತೆರೆದಾಗಲೆಲ್ಲ ಕೊಳವೆಯ ಮೇಲ್ಭಾಗ ಮಾತ್ರ ನುಡಿಯುವುದರಿಂದ ಪ್ರತಿ ಸ್ವರಕ್ಕೂ ಒಂದೊಂದು ಬಣ್ಣ ಬರುತ್ತಿತ್ತು, ಬಯಲಿನಲ್ಲಿ ನಡೆಯುವ ಸೈನ್ಯದ ವಾದ್ಯಮೇಳಕ್ಕೆ ಬೇಕಾದ ಏಕಪ್ರಕಾರದ ತುಂಬುನಾದ ಅದಕ್ಕೆ ಎಟುಕುತ್ತಿರಲಿಲ್ಲ.

ರಂಧ್ರವಿಲ್ಲದೆಯೇ ಸ್ವರ ಬದಲಿಸುವ ದಾರಿಯನ್ನು ತೋರಿಸಿದ್ದು ವಾಲ್ವ್ ಎಂಬ ಕವಾಟ. ಹೈನ್‌ರಿಷ್ ಷ್ಟೋಲ್ಸೆಲ್ ಮತ್ತು ಫ್ರೀಡ್‌ರಿಷ್ ಬ್ಲ್ಯೂಮೆಲ್ ಎಂಬ ಇಬ್ಬರು ಜರ್ಮನ್ ವಾದಕರು 1818ರಲ್ಲಿ ಜಂಟಿಯಾಗಿ ಪೇಟೆಂಟ್ ಪಡೆದ ಈ ಸಾಧನದ ತತ್ತ್ವ ಸರಳವಾದುದು: ಗುಂಡಿಯನ್ನು ಒತ್ತಿದಾಗ ಗಾಳಿಯ ದಾರಿ ಪಕ್ಕದ ಒಂದು ಹೆಚ್ಚುವರಿ ಕೊಳವೆಯ ಸುತ್ತಿನ ಮೂಲಕ ಹಾದುಹೋಗುತ್ತದೆ, ಕೊಳವೆಯ ಒಟ್ಟು ಉದ್ದ ಅಷ್ಟರಮಟ್ಟಿಗೆ ಹೆಚ್ಚಿ ಸ್ವರ ಕೆಳಗಿಳಿಯುತ್ತದೆ, ನಾದ ಮಾತ್ರ ಯಾವಾಗಲೂ ವಾದ್ಯದ ಬಾಯಿಂದಲೇ ಹೊರಬೀಳುತ್ತದೆ. ಮುಂದಿನ ಎರಡು ದಶಕಗಳಲ್ಲಿ ಇದರ ಹಲವು ಬಗೆಗಳು ಹುಟ್ಟಿಕೊಂಡವು. ಗಿಡ್ಡ ಹಾಗೂ ದಪ್ಪ ಕೊಂತವುಳ್ಳ ಬರ್ಲಿನ್ ಪಂಪ್, ವಿಯೆನ್ನಾದ ಯೋಸೆಫ್ ರೀಡ್ಲ್ 1835ರಲ್ಲಿ ಪೇಟೆಂಟ್ ಪಡೆದ, ಕಾಲುಸುತ್ತು ತಿರುಗುವ ರೋಟರಿ ಕವಾಟ, ಪ್ಯಾರಿಸ್ಸಿನ ಫ್ರಾಂಸ್ವಾ ಪೆರಿನೆ 1839ರಲ್ಲಿ ತಂದ ಉದ್ದನೆಯ ಪಿಸ್ಟನ್ ಇವು ಅವುಗಳಲ್ಲಿ ಮುಖ್ಯವಾದವು. ಕೊನೆಯ ಎರಡು ಇಂದಿಗೂ ಬಳಕೆಯಲ್ಲಿವೆ.

ವೀಪ್ರೆಕ್ಟ್ (1802–1872) ಪ್ರಷ್ಯಾದ ಸೈನಿಕ ವಾದ್ಯಮೇಳಗಳನ್ನು ಪುನರ್ರಚಿಸಿದ ಸಂಗೀತ ನಿರ್ದೇಶಕ. ಮೋರಿಟ್ಸ್ ಬರ್ಲಿನ್ನಿನ ಆಸ್ಥಾನ ವಾದ್ಯತಯಾರಕ. ಟ್ಯೂಬಾ ವಾದ್ಯವೃಂದದ ಕೋರಿಕೆಯಿಂದ ಹುಟ್ಟಿದ್ದಲ್ಲ, ಸೈನ್ಯದ ಅಗತ್ಯದಿಂದ ಹುಟ್ಟಿ ಅನಂತರ ಸಭಾಂಗಣವನ್ನು ಪ್ರವೇಶಿಸಿತು ಎಂಬುದನ್ನು ಇಲ್ಲಿ ಗಮನಿಸಬೇಕು. ಅವರ ವಾದ್ಯ ಎಫ್ ಶ್ರುತಿಯದು, ಅಂದರೆ ಸುಮಾರು 3.7 ಮೀಟರ್ ಉದ್ದದ ಕೊಳವೆಯದು. ಇಂದಿನ ಟ್ಯೂಬಾಗಳ ಪಕ್ಕದಲ್ಲಿ ಇಟ್ಟರೆ ಅದರ ಒಳವ್ಯಾಸವೂ ಬಾಯಿಯೂ ತೀರ ಕಿರಿದು. ಅದರಲ್ಲಿ ಐದು ಬರ್ಲಿನ್ ಪಂಪ್ ಕವಾಟಗಳಿದ್ದು, ಎರಡೂ ಕೈಗಳಿಗೆ ಅವನ್ನು ಹಂಚಲಾಗಿತ್ತು. ಒಂದನ್ನು ಒತ್ತಿದರೆ ಎಫ್ ವಾದ್ಯ ಸಿ ವಾದ್ಯವಾಗಿ ಮಾರ್ಪಡುತ್ತಿತ್ತು; ಉಳಿದವುಗಳಲ್ಲಿ ಎಫ್‌ನ ಉದ್ದಕ್ಕೆ ಹೊಂದುವವು ಬೇರೆ, ಸಿಯ ಉದ್ದಕ್ಕೆ ಹೊಂದುವವು ಬೇರೆ. ಮೂರು ಕವಾಟಗಳೇ ಸಾಕೆಂದು ಉಳಿದವರು ಭಾವಿಸಿದ್ದ ಕಾಲದಲ್ಲಿ ಐದನ್ನು ಅಳವಡಿಸಿದ್ದು ಆಡಂಬರಕ್ಕಲ್ಲ ಎಂಬುದು ಕೆಳಗಿನ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಕವಾಟವಿಲ್ಲದ ಹಿತ್ತಾಳೆಯ ಕೊಳವೆ ತನ್ನ ಸಹಜ ಸ್ವರಶ್ರೇಣಿಯನ್ನಷ್ಟೇ ನುಡಿಯುತ್ತದೆ: ತಳದ ಷಡ್ಜ, ಅದರ ಮೇಲಿನ ಷಡ್ಜ, ಅಲ್ಲಿಂದ ಪಂಚಮ, ಮತ್ತೆ ಷಡ್ಜ, ಆಮೇಲೆ ಅಂತರ ಗಾಂಧಾರ, ಹೀಗೆ ಮೇಲೇರಿದಂತೆ ಸ್ವರಗಳು ಹತ್ತಿರವಾಗುತ್ತವೆ. ಟ್ರಂಪೆಟ್ ವಾದಕ ಎರಡನೆಯ ಷಡ್ಜಕ್ಕಿಂತ ಮೇಲಿನ ಭಾಗದಲ್ಲೇ ಬಹುಪಾಲು ಕೆಲಸ ಮಾಡುವುದರಿಂದ, ಅವನ ಮುಂದಿರುವ ಅತಿದೊಡ್ಡ ಬಿಡುವೆಂದರೆ ಷಡ್ಜ–ಪಂಚಮಗಳ ನಡುವಿನ ಆರು ಅರ್ಧಸ್ವರಗಳು. ಅವನ್ನು ತುಂಬಲು ಮೂರು ಕವಾಟಗಳು ಸಾಕು. ಟ್ಯೂಬಾ ವಾದಕ ತಳದ ಷಡ್ಜದವರೆಗೂ ಇಳಿಯಬೇಕಾದವನು. ಅವನ ಮುಂದಿರುವುದು ಒಂದು ಇಡೀ ಸ್ಥಾಯಿಯ ಬಿಡುವು, ತುಂಬಬೇಕಾದ ಅರ್ಧಸ್ವರಗಳು ಹನ್ನೊಂದು. ಒಂದನೆಯ ಕವಾಟ ಎರಡು ಅರ್ಧಸ್ವರ, ಎರಡನೆಯದು ಒಂದು, ಮೂರನೆಯದು ಮೂರು, ನಾಲ್ಕನೆಯದು ಷಡ್ಜದಿಂದ ಶುದ್ಧ ಮಧ್ಯಮಕ್ಕಿರುವಷ್ಟು, ಅಂದರೆ ಐದು ಅರ್ಧಸ್ವರ ಇಳಿಸುತ್ತವೆ. ಕೂಡಿದರೆ ಹನ್ನೊಂದೇ ಆಗುತ್ತದೆ. ಆದರೆ ಸ್ವರಗಳು ಕೂಡಿದಂತೆ ಉದ್ದಗಳು ಕೂಡುವುದಿಲ್ಲ. ಮೂಲ ಕೊಳವೆಯ ಉದ್ದ 100 ಎಂದಿಟ್ಟುಕೊಂಡರೆ, ಈ ಕವಾಟಗಳ ಸುತ್ತುಗಳು ಕ್ರಮವಾಗಿ 12.2, 5.9, 18.9, 33.5ರಷ್ಟು ಉದ್ದವಿರಬೇಕು. ಒಂದನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಒತ್ತಿದಾಗ ಸಿಗುವುದು 31.1, ಐದು ಅರ್ಧಸ್ವರಕ್ಕೆ ಬೇಕಾದುದು 33.5. ಎಫ್ ಟ್ಯೂಬಾದಲ್ಲಿ ಈ ವ್ಯತ್ಯಾಸ ಸುಮಾರು 9 ಸೆಂಟಿಮೀಟರ್; ಸ್ವರ ಎದ್ದು ಕೇಳುವಷ್ಟು ಏರಿಬಿಡುತ್ತದೆ. ನಾಲ್ಕನ್ನೂ ಒತ್ತಿದರೆ ಸಿಗುವುದು 70.5, ಬೇಕಾದುದು 88.8, ಕೊರತೆ ಅರ್ಧ ಮೀಟರಿಗೂ ಮಿಗಿಲು. ಹನ್ನೊಂದು ಅರ್ಧಸ್ವರ ಇಳಿಯಬೇಕಾದಲ್ಲಿ ಒಂಬತ್ತು ಚಿಲ್ಲರೆಯಷ್ಟೇ ಇಳಿದು, ತಳದ ಷಡ್ಜದ ಪಕ್ಕದ ಸ್ವರ ವಾದ್ಯದಿಂದಲೇ ಕಾಣೆಯಾಗುತ್ತದೆ. ಮೊದಲು ಒತ್ತಿದ ಕವಾಟದಿಂದ ಕೊಳವೆ ಆಗಲೇ ಉದ್ದವಾಗಿರುವುದರಿಂದ ಮುಂದಿನ ಸುತ್ತು ಅದೇ ಅನುಪಾತದಲ್ಲಿ ಹಿಗ್ಗಬೇಕಿತ್ತು. ಲೋಹದ ಸುತ್ತು ಹಿಗ್ಗುವುದಿಲ್ಲ.

ಈ ಕೊರತೆಗೆ ಬೊಹೀಮಿಯಾದ ಕೋನಿಗ್‌ಗ್ರೇಟ್ಸ್ ಪಟ್ಟಣದಲ್ಲಿ, ಇಂದಿನ ಹ್ರಾಡೆಕ್ ಕ್ರಾಲೋವೆಯಲ್ಲಿ, ವಾಕ್ಲಾವ್ ಫ್ರಾಂಟಿಶೆಕ್ ಚೆರ್ವೆನಿ 1840ರ ದಶಕದಲ್ಲಿ ಕೊಟ್ಟ ಉತ್ತರ ವಾದ್ಯವನ್ನೇ ಹಿಗ್ಗಿಸುವುದು. ಬಿ-ಫ್ಲಾಟ್ ಶ್ರುತಿಯ, ಸುಮಾರು 5.5 ಮೀಟರ್ ಕೊಳವೆಯ ಕಾಂಟ್ರಾಬಾಸ್ ಟ್ಯೂಬಾದಲ್ಲಿ ತಗ್ಗಿನ ಸ್ವರಗಳು ಹೆಚ್ಚು ಕವಾಟಗಳ ಹಂಗಿಲ್ಲದೆ ದೊರೆಯುತ್ತವೆ. ಮಧ್ಯ ಯುರೋಪ್ ಈ ದಾರಿಯನ್ನು ಹಿಡಿದು, ರೋಟರಿ ಕವಾಟಗಳ ಎಫ್ ವಾದ್ಯ ಒಂದನ್ನೂ ಬಿ-ಫ್ಲಾಟ್ ವಾದ್ಯ ಒಂದನ್ನೂ ಜೋಡಿಯಾಗಿ ಇಟ್ಟುಕೊಂಡಿತು. ಫ್ರಾನ್ಸ್ ಹಿಡಿದದ್ದು ತದ್ವಿರುದ್ಧವಾದ ದಾರಿ. ಅಡಾಲ್ಫ್ ಸ್ಯಾಕ್ಸ್ 1840ರ ದಶಕದಲ್ಲಿ ತಂದ ಸ್ಯಾಕ್ಸ್‌ಹಾರ್ನ್ ಎಂಬ ವಾದ್ಯಕುಟುಂಬದ ಬಾಸ್‌ನಿಂದ ಬೆಳೆದ ಫ್ರೆಂಚ್ ಟ್ಯೂಬಾ ಸಿ ಶ್ರುತಿಯದು, ಕೊಳವೆಯ ಉದ್ದ ಸುಮಾರು 2.4 ಮೀಟರ್ ಮಾತ್ರ. ಅಷ್ಟು ಗಿಡ್ಡ ವಾದ್ಯದಿಂದ ತಳದ ಸ್ವರಗಳನ್ನು ಹೊರಡಿಸಲು ಅವರು ಆರು ಕವಾಟಗಳನ್ನು ಅಳವಡಿಸಿ, ಲೆಕ್ಕದ ಕೊರತೆಯನ್ನು ಕವಾಟಗಳ ಸಂಖ್ಯೆಯಿಂದಲೇ ತುಂಬಿಕೊಂಡರು. ಮೇಲಿನ ಸ್ವರಗಳು ಹಗುರವಾಗಿ ಒದಗುವುದು ಇದರ ದೊಡ್ಡ ಗುಣ.

ಬ್ರಿಟನ್ನಿನ ಉತ್ತರ ಎಲ್ಲಕ್ಕಿಂತ ಜಾಣತನದ್ದು. ಲಂಡನ್ನಿನ ಬೂಸಿ ಕಂಪನಿಯ ಡೇವಿಡ್ ಜೇಮ್ಸ್ ಬ್ಲೇಕ್ಲಿ 1874ರಲ್ಲಿ ಪೇಟೆಂಟ್ ಪಡೆದ ಸರಿದೂಗಿಸುವ ವ್ಯವಸ್ಥೆಯಲ್ಲಿ, ನಾಲ್ಕು ಕವಾಟಗಳ ವಾದ್ಯವಾದರೆ, ನಾಲ್ಕನೆಯದನ್ನು ಒತ್ತಿದಾಗ ಗಾಳಿ ಅದರ ಸುತ್ತನ್ನು ದಾಟಿ ನೇರ ಮುಂದೆ ಹೋಗದೆ, ಉಳಿದ ಮೂರು ಕವಾಟಗಳ ಒಳಗೆ ಎರಡನೆಯ ಬಾರಿ ಹಾಯುತ್ತದೆ. ಈ ಮರುಪಯಣದಲ್ಲಿ ಒಂದೊಂದು ಕವಾಟಕ್ಕೂ ಚಿಕ್ಕದೊಂದು ಹೆಚ್ಚುವರಿ ಸುತ್ತು ಇರುತ್ತದೆ, ಒತ್ತಿದ ಕವಾಟದ ಸುತ್ತು ಮಾತ್ರ ಸೇರಿಕೊಂಡು ಕಡಿಮೆಬಿದ್ದ ಉದ್ದವನ್ನು ತಾನಾಗಿ ಒದಗಿಸುತ್ತದೆ. ವಾದಕ ಬೆರಳಿನ ಕ್ರಮವನ್ನು ಬದಲಿಸಬೇಕಾಗಿಲ್ಲ. ಗಾಳಿಯ ದಾರಿ ಅಂಕುಡೊಂಕಾಗಿ ತಗ್ಗಿನ ಸ್ವರಗಳು ಬಿಗಿಯಾಗುವುದು, ವಾದ್ಯದ ತೂಕ ಏರುವುದು ಇದಕ್ಕೆ ತೆರಬೇಕಾದ ಬೆಲೆ. ಬ್ರಿಟನ್ನಿನ ಹಿತ್ತಾಳೆ ವಾದ್ಯಮೇಳಗಳ ಇ-ಫ್ಲಾಟ್ ಬಾಸ್ ಮತ್ತು ಯೂಫೋನಿಯಂಗಳಲ್ಲಿ ಈ ವ್ಯವಸ್ಥೆ ಇಂದಿಗೂ ಇದೆ. ಅಮೆರಿಕದ ವಾದ್ಯವೃಂದಗಳು ಸುಮಾರು 4.9 ಮೀಟರ್ ಉದ್ದದ ಸಿ ಕಾಂಟ್ರಾಬಾಸ್ ಟ್ಯೂಬಾವನ್ನು ಆರಿಸಿಕೊಂಡು, ಐದನೆಯ ಕವಾಟವೊಂದನ್ನು ಸೇರಿಸಿ, ಮಿಕ್ಕ ತಿದ್ದುಪಡಿಯನ್ನು ವಾದಕನ ಎಡಗೈಗೆ ಬಿಟ್ಟವು: ನುಡಿಸುತ್ತಿರುವಾಗಲೇ ಕವಾಟದ ಜಾರುಕೊಳವೆಯನ್ನು ಎಳೆದು ತಳ್ಳಿ ಶ್ರುತಿ ಹೊಂದಿಸುವುದು ಅಲ್ಲಿ ಸಾಮಾನ್ಯ ಅಭ್ಯಾಸ.

ಲೆಕ್ಕ ಹೀಗೆ ಕವಲೊಡೆದರೂ ಲೋಹದ ಕೆಲಸ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಹಾದಿಯಲ್ಲಿ ನಡೆದಿದೆ. ಸಾಮಾನ್ಯವಾಗಿ ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಳದಿ ಹಿತ್ತಾಳೆಯ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ತಗಡನ್ನು ಬಡಗಿಯ ಪಡಿಯಚ್ಚಿನಂಥ ಮಾದರಿಯ ಮೇಲೆ ಕತ್ತರಿಸಿ, ಅಂಚಿಗೆ ಸಣ್ಣ ಹಲ್ಲುಗಳನ್ನು ಕೊಚ್ಚಿ, ಒಂದರೊಳಗೊಂದು ಸಿಕ್ಕಿಸಿ, ಕಾವಿನಲ್ಲಿ ಗಟ್ಟಿ ಬೆಸುಗೆ ಹಾಕಲಾಗುತ್ತದೆ. ಬಳಿಕ ಉಕ್ಕಿನ ಅಚ್ಚಿನ ಮೇಲೆ ಬಡಿಯುತ್ತ, ಬಡಿದಾಗ ಪೆಡಸಾಗುವ ಲೋಹವನ್ನು ಮತ್ತೆ ಮತ್ತೆ ಕಾಯಿಸಿ ಮೆದುಗೊಳಿಸುತ್ತ, ಕೊನೆಗೆ ಚರಕಿಯ ಮೇಲೆ ತಿರುಗಿಸಿ ವಾದ್ಯದ ಅಗಲ ಬಾಯಿಯನ್ನು ರೂಪಿಸುತ್ತಾರೆ. ಅಂಚನ್ನು ಒಂದು ತಂತಿಯ ಸುತ್ತ ಮಡಿಸಿ ಬಿಗಿ ಮಾಡುತ್ತಾರೆ. ಕಷ್ಟದ ಕೆಲಸವೆಂದರೆ ಬಾಗುಗಳು. ಉದ್ದಕ್ಕೂ ಅಗಲವಾಗುತ್ತ ಹೋಗುವ ಕೊಳವೆಯನ್ನು ಹಾಗೇ ಬಗ್ಗಿಸಿದರೆ ನುಗ್ಗಾಗುತ್ತದೆ. ಆದ್ದರಿಂದ ಒಳಗೆ ಕರಗಿಸಿದ ರಾಳವನ್ನೋ ಸೀಸವನ್ನೋ ತುಂಬಿ, ಅದು ಗಟ್ಟಿಯಾದ ಮೇಲೆ ಬಗ್ಗಿಸಿ, ಒಳಮಗ್ಗುಲಲ್ಲಿ ಎದ್ದ ಸುಕ್ಕುಗಳನ್ನು ಸುತ್ತಿಗೆಯಿಂದ ಒಂದೊಂದಾಗಿ ತಟ್ಟಿ ಅಡಗಿಸಿ, ಆಮೇಲೆ ತುಂಬಿದ್ದನ್ನು ಕರಗಿಸಿ ಹೊರಹಾಕುವುದು ಹಳೆಯ ಕ್ರಮ. ಸೋಪಿನ ನೀರನ್ನು ಹೆಪ್ಪುಗಟ್ಟಿಸಿ ಬಗ್ಗಿಸುವುದೂ ಒತ್ತಡದ ದ್ರವದಿಂದ ಅಚ್ಚಿನೊಳಗೆ ಉಬ್ಬಿಸುವುದೂ ನಂತರ ಬಂದವು. ಕೊಳವೆ ಎಲ್ಲಿ ಎಷ್ಟು ವೇಗವಾಗಿ ಅಗಲವಾಗುತ್ತದೆ ಎಂಬುದೇ ನಾದದ ಗುಣವನ್ನು ನಿರ್ಧರಿಸುವುದರಿಂದ, ತಯಾರಕರ ನಿಜವಾದ ಆಸ್ತಿ ಇರುವುದು ಆ ಉಕ್ಕಿನ ಅಚ್ಚುಗಳಲ್ಲಿ.

ಸಂಯೋಜಕರ ಬರವಣಿಗೆಯೂ ತಮ್ಮ ನಾಡಿನ ವಾದ್ಯವನ್ನೇ ಅನುಸರಿಸಿತು. 1842–43ರ ಜರ್ಮನ್ ಪ್ರವಾಸದಲ್ಲಿ ಬೆರ್ಲಿಯೋಜ್ ಪ್ರಷ್ಯಾದ ಬಾಸ್ ಟ್ಯೂಬಾವನ್ನು ಕೇಳಿ ಮೆಚ್ಚಿದ. ವಾಗ್ನರ್ 1876ರಲ್ಲಿ ಬೈರಾಯ್ತ್‌ನಲ್ಲಿ ಪೂರ್ಣವಾಗಿ ರಂಗಕ್ಕೆ ತಂದ ‘ರಿಂಗ್’ ನಾಟಕಚಕ್ರದಲ್ಲಿ ಕಾಂಟ್ರಾಬಾಸ್ ಟ್ಯೂಬಾವನ್ನು ಬಳಸಿದ. ಅದೇ ಕೃತಿಗಾಗಿ ಮಾಡಿಸಿದ, ಹಾರ್ನ್ ವಾದಕರು ನುಡಿಸುವ ‘ವಾಗ್ನರ್ ಟ್ಯೂಬಾ’ ಹೆಸರಿನಿಂದ ಮಾತ್ರ ಇದರ ಬಂಧು. ಬ್ರಾಮ್ಸ್ ತನ್ನ ನಾಲ್ಕು ಸಿಂಫನಿಗಳಲ್ಲಿ 1877ರ ಎರಡನೆಯದಕ್ಕೆ ಮಾತ್ರ ಟ್ಯೂಬಾವನ್ನು ಸೇರಿಸಿಕೊಂಡ. ಟ್ರಂಬೋನ್‌ಗಳೊಡನೆ ಬೆರೆಯುವುದಿಲ್ಲವೆಂದು ವೆರ್ಡಿ ಟ್ಯೂಬಾ ಜಾತಿಯ ವಾದ್ಯವನ್ನು ಒಪ್ಪಲಿಲ್ಲ. ಮುಸ್ಸೋರ್ಗ್‌ಸ್ಕಿಯ ‘ಚಿತ್ರಪ್ರದರ್ಶನ’ವನ್ನು 1922ರಲ್ಲಿ ರಾವೆಲ್ ವಾದ್ಯವೃಂದಕ್ಕೆ ಅಳವಡಿಸಿದಾಗ, ಎತ್ತಿನ ಬಂಡಿಯನ್ನು ವರ್ಣಿಸುವ ಭಾಗದ ಏಕವಾದನವನ್ನು ಅಷ್ಟು ಮೇಲಿನ ಸ್ಥಾಯಿಯಲ್ಲಿ ಬರೆದದ್ದು ಫ್ರೆಂಚರ ಗಿಡ್ಡ ಟ್ಯೂಬಾವನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾಂಟ್ರಾಬಾಸ್ ಟ್ಯೂಬಾದಲ್ಲಿ ಅದನ್ನು ನುಡಿಸಲು ಹೆಣಗುವ ವಾದಕನ ಪಾಡನ್ನು ರಾವೆಲ್‌ನ ಅಜ್ಞಾನಕ್ಕೆ ಆರೋಪಿಸುವುದು ತಪ್ಪು. ಹಲವು ವೃಂದಗಳು ಆ ಭಾಗವನ್ನು ಯೂಫೋನಿಯಂಗೆ ಒಪ್ಪಿಸುವುದು ಸರಿಯಾದ ಕ್ರಮವೇ.

ಇಪ್ಪತ್ತನೆಯ ಶತಮಾನದಲ್ಲಿ ಅಚ್ಚುಗಳು ಮನುಷ್ಯರೊಡನೆ ಊರು ಬದಲಿಸಿದವು. ಎರಡನೆಯ ಮಹಾಯುದ್ಧದ ನಂತರ ಬೊಹೀಮಿಯಾದ ಗ್ರಾಸ್ಲಿಟ್ಸ್‌ನಿಂದ ಹೊರಹಾಕಲ್ಪಟ್ಟ ಜರ್ಮನ್ ಭಾಷಿಕ ಕುಶಲಕರ್ಮಿಗಳು ಬವೇರಿಯಾದಲ್ಲಿ ಮತ್ತೆ ಕಾರ್ಖಾನೆ ಕಟ್ಟಿದರು. ವಾಲ್ಡ್‌ಕ್ರೈಬುರ್ಗ್‌ನ ಮಿರಾಫೋನ್ ಹುಟ್ಟಿದ್ದು ಹಾಗೆ. ಅಮೆರಿಕದಲ್ಲಿ ಸ್ಟೊಕೊವ್ಸ್ಕಿಯ ಫಿಲಡೆಲ್ಫಿಯಾ ವಾದ್ಯವೃಂದಕ್ಕಾಗಿ ಮಿಶಿಗನ್ ರಾಜ್ಯದ ಯಾರ್ಕ್ ಕಂಪನಿ 1930ರ ದಶಕದ ಆರಂಭದಲ್ಲಿ ಮಾಡಿಕೊಟ್ಟ ಸಿ ಟ್ಯೂಬಾ, 1944ರಿಂದ 1988ರವರೆಗೆ ಶಿಕಾಗೋ ಸಿಂಫನಿಯಲ್ಲಿದ್ದ ಆರ್ನಲ್ಡ್ ಜೇಕಬ್ಸ್‌ರ ಕೈಯಲ್ಲಿ ಹೆಸರಾಯಿತು. ಭಾರತಕ್ಕೆ ಈ ಬಳಗದ ವಾದ್ಯಗಳು ಬ್ರಿಟಿಷ್ ಸೈನ್ಯದ ವಾದ್ಯಮೇಳಗಳೊಡನೆ ಬಂದವು; ಮೀರತ್ತಿನ ಜಾಲಿ ಕೋಠಿಯ ಕಾರ್ಖಾನೆಗಳು ಬ್ಯಾಂಡ್ ವಾದ್ಯಗಳನ್ನು ಇಲ್ಲೇ ತಯಾರಿಸತೊಡಗಿದವು.

ಟ್ಯೂಬಾಕ್ಕೆಂದೇ ಪ್ರಮುಖ ಸಂಯೋಜಕನೊಬ್ಬ ಬರೆದ ಮೊದಲ ಕಾಂಚೆರ್ಟೊ ಎನ್ನಬಹುದಾದ ವಾನ್ ವಿಲಿಯಮ್ಸ್‌ನ ಕೃತಿ 1954ರ ಜೂನ್ ತಿಂಗಳಲ್ಲಿ ಲಂಡನ್ ಸಿಂಫನಿ ವಾದ್ಯವೃಂದದೊಡನೆ ಫಿಲಿಪ್ ಕ್ಯಾಟೆಲಿನೆಟ್‌ರ ವಾದನದಲ್ಲಿ ಪ್ರಸ್ತುತಗೊಂಡಿತು. ಕಂಪ್ಯೂಟರಿನಲ್ಲಿ ಕೊಳವೆಯ ನಾದವನ್ನು ಮುಂಗಡವಾಗಿ ಲೆಕ್ಕಹಾಕುವ ಈ ಕಾಲದಲ್ಲೂ ಒಂದೇ ಮಾದರಿಯ ಟ್ಯೂಬಾ ನೆಲೆಗೊಂಡಿಲ್ಲ, ನೆಲೆಗೊಳ್ಳುವ ಸೂಚನೆಯೂ ಇಲ್ಲ. ವೃತ್ತಿಪರ ವಾದ್ಯವೃಂದದ ಟ್ಯೂಬಾ ವಾದಕ ಇಂದಿಗೂ ಸಾಮಾನ್ಯವಾಗಿ ಕನಿಷ್ಠ ಎರಡು ವಾದ್ಯಗಳನ್ನು, ಎಫ್ ಅಥವಾ ಇ-ಫ್ಲಾಟ್‌ನದೊಂದನ್ನೂ ಸಿ ಅಥವಾ ಬಿ-ಫ್ಲಾಟ್‌ನ ಕಾಂಟ್ರಾಬಾಸ್ ಒಂದನ್ನೂ, ಇಟ್ಟುಕೊಂಡಿರುತ್ತಾನೆ.